ಹಿಂದುಮುಂದು

ಗಾಜಿನ ಮೇಲೆ ಬರೆಯುವವರು
ಮೊದಲು ರುಜು ಹಾಕಬೇಕು. ಅದೂ ಉಲ್ಟಾ.
ಆಮೇಲೆ ರೆಪ್ಪೆ, ಆಮೇಲೆ ಕಣ್ಣು,
ಕಣ್ಣಾದ ಮೇಲೆ ಮುಖ, ಮುಖದ ಬೆನ್ನಿಗೆ ಆಕಾಶ.
ಕಾಗದದವರು ಕೊನೆಗೆ ಇಡುವ ಚುಕ್ಕಿಯನ್ನು
ನಾವು ಮೊದಲೇ ಇಟ್ಟುಬಿಟ್ಟಿರುತ್ತೇವೆ.
ತಪ್ಪಿದರೆ ಮೇಲೆ ಬಳಿದು ಮುಚ್ಚುವಂತಿಲ್ಲ,
ಬಳಿದದ್ದು ಹಿಂದೆ ಹೋಗುತ್ತದೆ, ತಪ್ಪು ಮುಂದೆಯೇ ನಿಲ್ಲುತ್ತದೆ.

"ಹಿಂದುಮುಂದು ನೋಡಿ ಕೈಹಚ್ಚು, ಅರಾಮ್" ಎನ್ನುತ್ತಿದ್ದ
ಗೋರ್ಗಿ ಮಸಾಂಬ, ನನಗೆ ಕಲಿಸಿದ ಮುದುಕ,
ಹಲ್ಲಿನ ನಡುವೆ ಬೇವಿನ ಕಡ್ಡಿ ಆಡಿಸುತ್ತ.

ಸೇನ್ ಲೂಯಿಯ ಸೇತುವೆಯಾಚೆ ಹೋಟೆಲಿಗೆ
ಶುಕ್ರವಾರದೊಳಗೆ ನಲವತ್ತು ದೋಣಿ ಬೇಕು,
ಕೋಣೆಗೊಂದು. ಎಲ್ಲಕ್ಕೂ ಒಂದೇ ಹಳದಿ,
ಒಂದೇ ಅಲೆ, ಒಬ್ಬನೇ ಅಂಬಿಗ.
ಅವನಿಗೀಗ ನನ್ನ ಮೇಲೆ ಬೇಸರ ಬಂದಿರಬೇಕು.
ಒಮ್ಮೆ ಇಪ್ಪತ್ತೆರಡನೆಯವನಿಗೆ ಮೀಸೆ ಬರೆದೆ,
ಮ್ಯಾನೇಜರು ವಾಪಸು ಕಳಿಸಿದರು.
ಆ ದೋಣಿಗಳಲ್ಲೇ ಮನೆಗೆ ಅಕ್ಕಿ ಬರುತ್ತದೆ,
ಮರೆಮಳ ಶಾಲೆಯ ಫೀಸು, ಟರ್ಪೆಂಟೈನು.
ದೋಣಿಯನ್ನು ಬಯ್ಯಲಾರೆ.

ವಾರಕ್ಕೊಮ್ಮೆ ಡಕಾರಿಗೆ. ಏಳು ಸೀಟಿನ ಹಳೇ ಕಾರು,
ನನಗಿಂತ ಎರಡು ವರ್ಷ ದೊಡ್ಡದು.
ತೊಡೆಯ ಮೇಲೆ ಹನ್ನೆರಡು ಗಾಜು, ನಡುನಡುವೆ ಪತ್ರಿಕೆ,
ಸುತ್ತಲೂ ಅಮ್ಮನ ಹಳೆಯ ಹೂಬಟ್ಟೆ.
ಉಬ್ಬು ಬಂದಾಗಲೆಲ್ಲ ಡ್ರೈವರು ಕೂಗುತ್ತಾನೆ: "ಗಾಜಮ್ಮಾ!"
ಏಳೂ ಮಂದಿ ಉಸಿರು ಹಿಡಿಯುತ್ತಾರೆ,
ಬಸುರಿಯೊಬ್ಬಳನ್ನು ಕೂರಿಸಿಕೊಂಡ ಹಾಗೆ.

ಸ್ವಂತದ್ದು ಯಾವಾಗ ಎಂದು ಕೇಳಿದವರಿಗೆಲ್ಲ
ಹಬ್ಬ ಕಳೆಯಲಿ ಎಂದೆ,
ಹಸಿ ಬಣ್ಣಕ್ಕೆ ಮರಳಂಟಿಸುವ ಗಾಳಿಯ ಕಾಲ ಕಳೆಯಲಿ ಎಂದೆ.
ಎರಡೂ ಕಳೆದವು, ಹಲವು ಸಲ.

ಆಮೇಲೆ ಬಿಡುವೇ ಪತ್ರ ಬರೆದು ಕರೆಯಿತು:
ಬೆಲ್ಜಿಯಮ್ಮಿನ ಗೆಂಟ್, ಆರು ವಾರ,
ಬಿಸಿನೀರು, ದೊಡ್ಡ ಮೇಜು, ಯಾರೂ ಬಾಗಿಲು ತಟ್ಟದ ಕೋಣೆ.
ಎರವಲು ಕೋಟು ತೊಟ್ಟು ಹೋದೆ.
ಮೊದಲ ವಾರ ಬ್ರಶ್ಶು ತೊಳೆದೆ.
ಎರಡನೇ ವಾರ ತೊಳೆದ ಬ್ರಶ್ಶನ್ನೇ ತೊಳೆದೆ.
ಮೂರನೇ ವಾರ ಕೈ ತಾನಾಗಿಯೇ ಹೊರಟಿತು,
ನೋಡುತ್ತೇನೆ: ದೋಣಿ. ಅದೇ ಹಳದಿ.
"ಇಲ್ಲಿಗೂ ಬಂದೆಯಾ?" ಎಂದಂತಾಯಿತು ಅಂಬಿಗ.
ಫೋನಿನಲ್ಲಿ ಮರೆಮ್: "ಅಮ್ಮಾ, ಅಲ್ಲೇನು ಬರೆದೆ?"
"ಬಣ್ಣ ಒಣಗುತ್ತಿಲ್ಲ ಮಗಳೇ, ಚಳಿ" ಎಂದೆ.
ಸುಳ್ಳೇನಲ್ಲ. ನಿಜವೂ ಅಲ್ಲ.

ಮರಳಿ ಬಂದು ಮತ್ತದೇ ಕಾರು, ಹಿಂದಿನ ಸಾಲು,
ಮೊಣಕಾಲು ಗಲ್ಲಕ್ಕೆ.
ಲೂಗಾ ದಾಟಿದ ಮೇಲೆ ಪಕ್ಕದ ಹೆಂಗಸು,
ಈರುಳ್ಳಿ ಮಾರುವವಳು,
ತಕ್ಕಡಿಯ ತಟ್ಟೆಯಿಂದ ನನ್ನ ಪಕ್ಕೆ ತಿವಿಯುತ್ತಲೇ
ಕಿಟಕಿಗೆ ಹಣೆಯಾನಿಸಿ ನಿದ್ದೆಹೋದಳು.
ಅವಳ ಮುಖ ಗಾಜಿನಲ್ಲಿ ಮೂಡಿತ್ತು. ಅದರೊಳಗಿಂದ
ಶೇಂಗಾ ಹೊಲ, ಕತ್ತೆಗಾಡಿ, ಜಾಲಿ, ಬಾಗಿಲಿಲ್ಲದ ಒಂದು ಗೋಡೆ
ಹಾದುಹೋಗುತ್ತಿದ್ದವು. ಯಾವುದೂ ನಿಲ್ಲಲಿಲ್ಲ.
ಎರಡೂ ಕೈ ಗಾಜಿನ ಕಟ್ಟಿನ ಮೇಲಿದ್ದವು,
ಪೆನ್ಸಿಲು ತೆಗೆಯುವಂತಿಲ್ಲ.
ಕಣ್ಣಲ್ಲೇ ಬರೆದುಕೊಂಡೆ, ನಮ್ಮ ಕ್ರಮದಲ್ಲಿ:
ಮೊದಲು ರೆಪ್ಪೆಗಂಟಿದ ಈರುಳ್ಳಿ ಸಿಪ್ಪೆಯ ಚೂರು.
ಆಮೇಲೆ ರೆಪ್ಪೆ.

ಮನೆಯಲ್ಲಿ ಅಷ್ಟನ್ನು ಇಳಿಸಿದೆ, ರಾತ್ರಿ ಹನ್ನೊಂದಕ್ಕೆ,
ಒಂಬತ್ತನೇ ದೋಣಿಗೂ ಹತ್ತನೆಯದಕ್ಕೂ ನಡುವೆ.
ರುಜು ಮರೆತೆ. ಮಸಾಂಬ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಎರಡು ತಿಂಗಳಾಯಿತು. ಮುಖವಾಗಿದೆ, ಹಿನ್ನೆಲೆ ಹಚ್ಚಿಲ್ಲ.
ಅಡುಗೆಮನೆಯ ಕಿಟಕಿಗೆ ಒರಗಿಸಿಟ್ಟಿದ್ದೇನೆ.
ಮುಖದ ಸುತ್ತ ಬರೀ ಗಾಜು:
ಆಚೆ ಮರೆಮ್ ಬಟ್ಟೆ ಹರವಿದರೆ ಬಟ್ಟೆ,
ಪಕ್ಕದ ಮನೆಯ ಟಗರು ಬಂದರೆ ಟಗರು,
ಕತ್ತಲಾದರೆ ಒಲೆಯ ಮುಂದೆ ನಾನು.

ಹೋಟೆಲಿನ ಹುಡುಗ ಅದರ ಬೆಲೆ ಕೇಳಿದ.
ಮುಗಿದಿಲ್ಲ ಎಂದೆ.
ಯಾವಾಗ ಮುಗಿಯುತ್ತದೆ?
ಮೂವತ್ತೆಂಟು ದೋಣಿ ಎಣಿಸಿ ಕೈಗಿಟ್ಟೆ.
ಇನ್ನೆರಡು ನಾಳೆ.
ನಾಳಿದ್ದು ಡಕಾರು.